ತುಪ್ಪದ ಮೇಲಿನ ಆರೋಪ: ಒಂದು ಸಾಕ್ಷ್ಯವಿಮರ್ಶೆ

1987ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮಾರ್ಕ್ ಜೇಕಬ್ಸನ್ ಅವರು ಪ್ರಕಟಿಸಿದ ಲೇಖನವು ನಮ್ಮ ತುಪ್ಪವನ್ನು ವಿಚಾರಣೆಗೆ ಗುರಿಪಡಿಸಿತು. ತಾಜಾ ಬೆಣ್ಣೆಯಲ್ಲಿ ಕಾಣದ ಉತ್ಕರ್ಷಿತ ಕೊಲೆಸ್ಟರಾಲು, ಅಂದರೆ ಆಮ್ಲಜನಕದೊಡನೆ ಕೂಡಿ ಮಾರ್ಪಟ್ಟ ಕೊಲೆಸ್ಟರಾಲು, ತುಪ್ಪದ ಸ್ಟೆರಾಲುಗಳಲ್ಲಿ ನೂರಕ್ಕೆ 12.3 ಭಾಗದಷ್ಟಿದೆ ಎಂದು ಅವರು ಕಂಡರು. ಲಂಡನ್ ಮತ್ತು ವೆಸ್ಟ್ ಇಂಡೀಸಿನಲ್ಲಿ ನೆಲಸಿದ ಭಾರತೀಯರಲ್ಲಿ ಅಪಧಮನಿಗಳ ರೋಗ ಹೆಚ್ಚಾಗಿರುವುದಕ್ಕೆ ಇದು ಕಾರಣವಾಗಿರಬಹುದೆಂದು ಅವರು ಊಹಿಸಿದರು. ಇತಿಹಾಸದ ಅಭ್ಯಾಸಿಯು ಶಾಸನವನ್ನು ಪರೀಕ್ಷಿಸುವಂತೆ ಈ ವಾದವನ್ನೂ ಪರೀಕ್ಷಿಸುವುದು ಉಚಿತ.

ಲೇಖನದ ಗುಣವನ್ನು ಮೊದಲು ಹೇಳಬೇಕು. 1913ರಲ್ಲಿ ರಷ್ಯದ ಅನಿಚ್‌ಕೋವ್ ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ ಅಪಧಮನಿ ರೋಗವನ್ನುಂಟುಮಾಡಿದ ಮೇಲೆ ಚರ್ಚೆಯು ಬಹುಪಾಲು ಅದರ ಪ್ರಮಾಣವನ್ನು ಕುರಿತೇ ನಡೆಯಿತು. ಶೇಖರಿಸಿಟ್ಟ ಕೊಲೆಸ್ಟರಾಲಿನ ಕಲ್ಮಷಗಳು ಮೊಲಗಳ ರಕ್ತನಾಳದ ಜೀವಕೋಶಗಳನ್ನು ಕೊಲ್ಲುತ್ತವೆ, ಶುದ್ಧೀಕರಿಸಿದ ಕೊಲೆಸ್ಟರಾಲು ಹಾಗೆ ಮಾಡದು ಎಂದು 1976ರಲ್ಲಿ ಇಮಾಯಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ‘ಎಷ್ಟು’ ಎಂಬುದರ ಜೊತೆಗೆ ‘ಯಾವ ಸ್ಥಿತಿಯಲ್ಲಿ’ ಎಂಬ ಪ್ರಶ್ನೆಯೂ ಹುಟ್ಟಿತು. ಜೇಕಬ್ಸನ್ ಅದನ್ನು ಪ್ರಯೋಗಶಾಲೆಯಿಂದ ಊಟದ ಎಲೆಗೆ ತಂದರು.

ಆದರೆ ಅವರ ಸಾಕ್ಷಿಯು ತುಪ್ಪದ ಭರಣಿಯನ್ನು ಕುರಿತದ್ದು. ಉಣ್ಣುವವನ ಶರೀರವನ್ನು ಕುರಿತದ್ದಲ್ಲ. ತಿಂದುದರಲ್ಲಿ ಎಷ್ಟು ರಕ್ತಕ್ಕೆ ಸೇರಿತು, ಸೇರಿದ್ದು ಜೀವಕೋಶಕ್ಕೆ ಹಾನಿ ಮಾಡುವಷ್ಟಿತ್ತೆ ಎಂಬುದನ್ನು ಭರಣಿಯು ಹೇಳಲಾರದು. ವಲಸೆ ಹೋದವರ ಬಾಳಿನಲ್ಲಿ ದುಡಿಮೆ, ಧೂಮಪಾನ, ಮಧುಮೇಹ ಮೊದಲಾದ ಬೇರೆ ಕಾರಣಗಳೂ ಉಂಟು.

ಇನ್ನೊಂದು ಮಾತು. ಉತ್ಕರ್ಷಿತ ಕೊಲೆಸ್ಟರಾಲೆಲ್ಲ ವಿಷವೆಂಬುದು ಸರಿಯಲ್ಲ. 7-ಕೀಟೊಕೊಲೆಸ್ಟರಾಲು ಹೆಚ್ಚಾದರೆ ಕೃಷಿ ಮಾಡಿದ ಜೀವಕೋಶಗಳು ಸಾಯುತ್ತವೆ, ನಿಜ. ಆದರೆ 25-ಹೈಡ್ರಾಕ್ಸಿಕೊಲೆಸ್ಟರಾಲನ್ನು ಜೀವಕೋಶವು ತಾನೇ ತಯಾರಿಸುತ್ತದೆ. ಅದು ಜೀವಕೋಶದೊಳಗೆ ಕೊಲೆಸ್ಟರಾಲಿನ ಉತ್ಪತ್ತಿಯನ್ನು ತಡೆಯುವುದೆಂದು ಕಾಂಡಚ್ ಮತ್ತು ಚೆನ್ 1970ರ ದಶಕದಲ್ಲಿ ತೋರಿಸಿದರು. ಅದು ಹಲವು ವೈರಸುಗಳ ಪ್ರವೇಶವನ್ನೂ ತಡೆಯುವುದೆಂದು 2013ರಲ್ಲಿ ತಿಳಿದುಬಂತು. ಒಂದೇ ಕುಲದಲ್ಲಿ ಕೊಲೆಗಾರನೂ ಕಾವಲುಗಾರನೂ ಇರುವಾಗ, ಕುಲದ ಹೆಸರಿನಿಂದಲೇ ತೀರ್ಪು ಕೊಡುವುದು ನ್ಯಾಯವಲ್ಲ.

ಜೇಕಬ್ಸನ್ ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ‘ಸಂಭಾವ್ಯ ಕಾರಣ’ ಎಂದಷ್ಟೇ ಹೇಳಿದ್ದಾರೆ. ಆ ವಿಶೇಷಣವನ್ನು ಕೈಬಿಟ್ಟು ಲೇಖನವನ್ನು ಉದ್ಧರಿಸುವವರು ತಮ್ಮದೇ ತೀರ್ಪನ್ನು ಅವರ ಮೇಲೆ ಹೊರಿಸಿದಂತಾಗುತ್ತದೆ. ಪ್ರಾಚೀನ ಆಹಾರವೆಂಬ ಅಭಿಮಾನದಿಂದ ತುಪ್ಪವನ್ನು ನಿರ್ದೋಷಿಯೆಂದು ಸಾರುವವರಿಗೂ ಅದೇ ಆಕ್ಷೇಪಣೆ ಸಲ್ಲುತ್ತದೆ, ಪ್ರಾಚೀನತೆಯು ಸಾಕ್ಷ್ಯವಲ್ಲ. ಲೇಖನವು ಒಂದು ಒಳ್ಳೆಯ ಪ್ರಶ್ನೆಯನ್ನೆತ್ತಿದೆ. ವಿದ್ಯಾರ್ಥಿಗಳು ಅದನ್ನು ಪ್ರಶ್ನೆಯೆಂದೇ ಓದಬೇಕು.