ಹೆಬ್ಬೆರಳಿಗೂ ಕೆಲಸ ಕೊಡುವ ಕೀಲಿಮಣೆ

ಲಾಜಿಟೆಕ್ ಕಂಪನಿಯ ಎರಡು ಕೀಬೋರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು 2020ರಲ್ಲಿ ಬಂದ ಅರ್ಗೊ ಕೆ860. ನಡುವೆ ಉಬ್ಬಿ ಎರಡೂ ಬದಿಗೆ ಇಳಿಯುವ ಮೈ, ಎರಡು ಪಾಲಾದ ಅಕ್ಷರಗಳು, ಅಂಗೈ ಊರಲು ಮೆತ್ತನೆಯ ಅಂಚು. ಮುಂಭಾಗವನ್ನು 4 ಅಥವಾ 7 ಡಿಗ್ರಿಯಷ್ಟು ಎತ್ತಿಕೊಳ್ಳಬಹುದು. ಇನ್ನೊಂದು 2022ರ ಎಂಎಕ್ಸ್ ಮೆಕ್ಯಾನಿಕಲ್. ಇದರಲ್ಲಿ ಪ್ರತಿ ಕೀಲಿಯ ಕೆಳಗೂ ಅದರದೇ ಸ್ವಿಚ್ಚು, ಅದರದೇ ಸ್ಪ್ರಿಂಗು. ಮೈ ಮಾತ್ರ ಪೂರ್ತಿ ಚಪ್ಪಟೆ. ಕೈಗೆ ಹಿತವಾದ ಆಕಾರ ಒಂದು ಪೆಟ್ಟಿಗೆಯಲ್ಲಿ, ಬೆರಳಿಗೆ ಹಿತವಾದ ಕೀಲಿ ಇನ್ನೊಂದು ಪೆಟ್ಟಿಗೆಯಲ್ಲಿ. ಎರಡೂ ಒಂದೇ ಕಂಪನಿಯ ಮಾಲು, ಅಂಗಡಿಯ ಒಂದೇ ಕಪಾಟಿನಲ್ಲಿ ಕೂತಿರುತ್ತವೆ. ಇವೆರಡನ್ನೂ ಕೂಡಿಸಿ ಒಂದು ಕೀಲಿಮಣೆ ಮಾಡಿಕೊಡಿ ಎಂದು ದೊಡ್ಡ ಕಂಪನಿಗಳನ್ನು ಕೇಳಬೇಕೆನ್ನುವುದು ನನ್ನ ಬಹಳ ದಿನದ ಆಸೆ. ಈ ವಾರದ ಅಂಕಣ ಅದಕ್ಕೇ ಮೀಸಲು.

ಸಾಮಾನ್ಯ ಕೀಬೋರ್ಡಿನ ಮೇಲೆ ಕೈಯಿಟ್ಟು ನಿಮ್ಮ ಮಣಿಕಟ್ಟನ್ನೊಮ್ಮೆ ನೋಡಿಕೊಳ್ಳಿ. ಮೊಣಕೈಯಿಂದ ಮುಂಗೈ ಓರೆಯಾಗಿ ಒಳಗೆ ಬರುತ್ತದೆ, ಕೀಲಿಗಳ ಸಾಲು ಮಾತ್ರ ನೇರ. ಅದಕ್ಕೆ ಹೊಂದಿಕೊಳ್ಳಲು ಅಂಗೈ ಕಿರುಬೆರಳಿನ ಕಡೆಗೆ ವಾಲಬೇಕು. ಜೊತೆಗೆ ಅಂಗೈ ಮೇಜಿಗೆ ಸಮನಾಗಿ ಮಗುಚಿಕೊಳ್ಳಬೇಕು. ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಅಡ್ಡ ಹಾಯುವ ಭಂಗಿ ಅದು. ಮೂರನೆಯ ಕಷ್ಟ ನಾವೇ ತಂದುಕೊಳ್ಳುವಂಥದ್ದು. ಹಿಂಬದಿಯ ಪುಟ್ಟ ಕಾಲುಗಳನ್ನು ಬಿಡಿಸಿದೊಡನೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ದಿನವಿಡೀ ಹಾಗೇ ಇರುತ್ತದೆ. ಕೀಲಿಗಳನ್ನು ಎರಡು ಪಾಲು ಮಾಡಿ ಓರೆಯಾಗಿ ಕೂರಿಸಿದರೆ ಮೊದಲ ವಾಲಿಕೆ ಹೋಗುತ್ತದೆ. ತೆರೆದ ಪುಸ್ತಕವನ್ನು ಬೋರಲು ಹಾಕಿದಂತೆ ನಡುವನ್ನು ಎತ್ತಿದರೆ ಮೂಳೆಗಳ ತಿರುಚು ಸಡಿಲವಾಗುತ್ತದೆ. ಹಿಂಬದಿಗೆ ಬದಲು ಮುಂಬದಿಯನ್ನು ಎತ್ತಿದರೆ ಮಣಿಕಟ್ಟು ನೆಟ್ಟಗಾಗುತ್ತದೆ. ಇದು ಗೊತ್ತಾಗಿ ದಶಕಗಳೇ ಆದವು.

ಮೈಕ್ರೋಸಾಫ್ಟ್ 1994ರಲ್ಲಿ ನ್ಯಾಚುರಲ್ ಕೀಬೋರ್ಡ್ ತಂದಾಗ ಈ ಆಕಾರ ಮೊದಲ ಸಲ ಸಾಮಾನ್ಯರ ಮೇಜಿಗೆ ಬಂತು. ಆಪಲ್ ಅದಕ್ಕೂ ಒಂದು ವರ್ಷ ಮುಂಚೆ, ಕತ್ತರಿಯಂತೆ ಬಿಚ್ಚಿಕೊಳ್ಳುವ ಅಡ್ಜಸ್ಟಬಲ್ ಕೀಬೋರ್ಡ್ ಮಾಡಿತ್ತು, ಆದರೆ ಅದು ಹೆಚ್ಚು ಕಾಲ ಬಾಳಲಿಲ್ಲ. ಮೈಕ್ರೋಸಾಫ್ಟಿನ ಆಕಾರ ಬಾಳಿತು. 2005ರ ನ್ಯಾಚುರಲ್ ಅರ್ಗೊನಾಮಿಕ್ 4000, 2013ರ ಸ್ಕಲ್ಪ್ಟ್ ಎಲ್ಲ ಅದರ ಸಂತಾನವೇ. ಸ್ಕಲ್ಪ್ಟ್‌ನಲ್ಲಿ ಅಂಕಿಗಳ ಮಣೆಯನ್ನು ಬೇರ್ಪಡಿಸಿದ್ದು ಜಾಣ ಕೆಲಸ. ಬಲಗೈ ಮೌಸಿಗಾಗಿ ಅಷ್ಟು ದೂರ ಚಾಚುವುದು ಅದರಿಂದ ತಪ್ಪಿತು. ಆದರೆ ಈ ಇಡೀ ವಂಶದಲ್ಲಿ ಒಂದರ ಕೀಲಿಯ ಕೆಳಗೂ ಸ್ಪ್ರಿಂಗಿನ ಸ್ವಿಚ್ಚಿಲ್ಲ. ಪ್ಲಾಸ್ಟಿಕ್ ಹಾಳೆಗಳ ಮೇಲೆ ಕೂತ ರಬ್ಬರ್ ಗುಮ್ಮಟ ಬೆರಳಿನ ಒತ್ತಿಗೆ ಕುಸಿಯುತ್ತದೆ, ಹಾಳೆಗಳು ತಾಗುತ್ತವೆ, ಅಕ್ಷರ ಮೂಡುತ್ತದೆ. ಕೆಲಸ ಆಗಬೇಕಾದರೆ ಹೆಚ್ಚುಕಡಿಮೆ ತಳ ಮುಟ್ಟುವವರೆಗೂ ಒತ್ತಲೇಬೇಕು. ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚಿನಲ್ಲಾದರೆ ಕೀಲಿ 4 ಮಿಲಿಮೀಟರ್ ಇಳಿಯಬಲ್ಲದು, ಅರ್ಧದಾರಿಯಲ್ಲೇ, ಅಂದರೆ 2 ಮಿಲಿಮೀಟರಿನಲ್ಲೇ, ಅಕ್ಷರ ದಾಖಲಾಗಿಬಿಡುತ್ತದೆ. ಪಳಗಿದ ಬೆರಳು ಅಲ್ಲಿಂದಲೇ ಹಿಂತಿರುಗಬಹುದು. ದಿನಕ್ಕೆ ಸಾವಿರಾರು ಸಲ ತಳಕ್ಕೆ ಬಡಿಯುವುದು ತಪ್ಪಿದರೆ ಬೆರಳ ತುದಿಗೆ ಎಷ್ಟು ಸುಖ ಎನ್ನುವುದನ್ನು ವರ್ಷಗಟ್ಟಲೆ ಟೈಪು ಮಾಡಿದವರು ಬಲ್ಲರು.

ಆಕಾರ ಮತ್ತು ಸ್ಪ್ರಿಂಗು ಯಾವತ್ತೂ ಕೂಡಲಿಲ್ಲವೇ ಎಂದು ಕೇಳಿದರೆ, ದೊಡ್ಡ ಹೆಸರಿನ ಕೈಯಲ್ಲಿ ಒಮ್ಮೆ ಕೂಡಿದ್ದವು. ಅದೇ 1994ರಲ್ಲಿ ಐಬಿಎಂ ಹೆಸರಿನಲ್ಲಿ ಎಂ15 ಎಂಬ ಕೀಬೋರ್ಡು ಬಂತು. ತಯಾರಿಸಿದ್ದು ಐಬಿಎಂನಿಂದ ಬೇರೆಯಾಗಿದ್ದ ಲೆಕ್ಸ್‌ಮಾರ್ಕ್. ಐಬಿಎಂನ ಪ್ರಸಿದ್ಧ ಮಾಡೆಲ್ ಎಂ ಕೀಬೋರ್ಡಿನ ಬಾಗುವ ಸ್ಪ್ರಿಂಗೇ ಇದರಲ್ಲೂ ಇತ್ತು. ಒತ್ತಿದಾಗ ಸ್ಪ್ರಿಂಗು ನಡುವಿನಲ್ಲಿ ಮಡಚಿಕೊಂಡು ಟಕ್ಕೆನ್ನುತ್ತದೆ, ಬೆರಳಿಗೂ ಕಿವಿಗೂ ಒಟ್ಟಿಗೇ ಸುದ್ದಿ ಮುಟ್ಟುತ್ತದೆ. ಮಣೆ ಎರಡು ಹೋಳು. ಬೇಕಾದ ಕೋನಕ್ಕೆ ತಿರುಗಿಸಬಹುದು, ಎತ್ತಬಹುದು, ಪೂರ್ತಿ ಬಿಡಿಸಿ ಭುಜದಗಲಕ್ಕೆ ದೂರವೂ ಇಡಬಹುದು. ನಾನು ಕಂಡ ಕೀಲಿಮಣೆಗಳ ವಿನ್ಯಾಸಗಳಲ್ಲಿ ಇಷ್ಟು ಪೂರ್ಣವಾದದ್ದು ಅಪರೂಪ. ಇವತ್ತು ಅದು ಸಂಗ್ರಹಕಾರರ ಪಾಲಿನ ವಸ್ತು, ಮಾರಾಟಕ್ಕೆ ಬಂದರೆ ಬೆಲೆ ಸಾವಿರ ಡಾಲರು ದಾಟುವುದುಂಟು. ಕೈ ನೋಯುವವರಿಗಾಗಿ ಮಾಡಿದ ಉಪಕರಣ ಗಾಜಿನ ಬೀರುವಿಗೆ ಸೇರಿಹೋಗಿದೆಯಲ್ಲ ಎಂದು ನನಗೆ ನಿಜಕ್ಕೂ ಬೇಸರ.

ಇದೆಲ್ಲ ಹವ್ಯಾಸಿಗಳ ಚಪಲ ಎನ್ನುವವರಿಗೆ 1999ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ತೋರಿಸಬೇಕು. ಎರಡರಲ್ಲೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ರೆಂಪೆಲ್ ಇದ್ದಾರೆ. ಒಂದರಲ್ಲಿ ಕೈ, ತೋಳು ನೋಯುತ್ತಿದ್ದ 80 ಮಂದಿ ಕಂಪ್ಯೂಟರ್ ಬಳಕೆದಾರರಿಗೆ ನಾಲ್ಕು ಬಗೆಯ ಕೀಬೋರ್ಡುಗಳನ್ನು ಹಂಚಿ ಆರು ತಿಂಗಳು ಗಮನಿಸಿದರು. ಮೈಕ್ರೋಸಾಫ್ಟ್ ನ್ಯಾಚುರಲ್ ಬಳಸಿದವರ ನೋವು ಇಳಿದು ಕೈಯ ಕೆಲಸ ಸುಧಾರಿಸಿತ್ತು. ಇನ್ನೊಂದರಲ್ಲಿ ಆಕಾರದ ಮಾತೇ ಇಲ್ಲ. ಕೀಲಿ ಒತ್ತಿಗೆ ಹೇಗೆ ಎದುರು ಕೊಡುತ್ತದೆ ಎಂಬುದರಲ್ಲಷ್ಟೇ ಬೇರೆಯಾದ ಎರಡು ಕೀಬೋರ್ಡುಗಳನ್ನು ಕೈ ಜೋಮು ಹಿಡಿಯುತ್ತಿದ್ದ 20 ಮಂದಿಗೆ ಕೊಟ್ಟರು. 12 ವಾರ ಕಳೆಯುವಷ್ಟರಲ್ಲಿ ಒಂದು ಬಗೆಯ ಕೀಲಿಯವರ ನೋವು ಕಡಿಮೆಯಾಗಿತ್ತು. ಎರಡೂ ಸಣ್ಣ ಅಧ್ಯಯನಗಳೇ, ಕೀಬೋರ್ಡನ್ನು ಔಷಧಿಯೆಂದು ಯಾರೂ ಮಾರಬಾರದು. ಆದರೆ ಒಂದೇ ವರ್ಷ ಒಬ್ಬರೇ ಸಂಶೋಧಕರ ಆಸುಪಾಸಿನಲ್ಲಿ ಆಕಾರಕ್ಕೂ ಬೆಲೆಯಿದೆ, ಕೀಲಿಗೂ ಬೆಲೆಯಿದೆ ಎಂಬ ಸುಳಿವು ಸಿಕ್ಕಿತ್ತು. ಕಾಲು ಶತಮಾನವಾದರೂ ದೊಡ್ಡ ಕಂಪನಿಗಳು ಆ ಎರಡು ಸುಳಿವುಗಳನ್ನು ಜೋಡಿಸಲಿಲ್ಲ.

ಜೋಡಿಸದಿರುವುದಕ್ಕೆ ಕಾರ್ಖಾನೆಯ ಕಾರಣ ಇತ್ತು, ಅದನ್ನು ಒಪ್ಪಬೇಕು. ಮೆಂಬ್ರೇನ್ ಎನ್ನುವುದು ಬಳುಕುವ ಹಾಳೆ, ಯಾವ ಉಬ್ಬಿನ ಮೇಲೆ ಹಾಸಿದರೂ ಕೂರುತ್ತದೆ. ಬಿಡಿ ಸ್ವಿಚ್ಚುಗಳಿಗಾದರೆ ಬಿರುಸಾದ ಸರ್ಕ್ಯೂಟ್ ಬೋರ್ಡು ಬೇಕು, ಅದು ಬಾಗುವುದಿಲ್ಲ. ಉಬ್ಬಿದ ಮೈ ಬೇಕೆಂದರೆ ಎರಡು ಬೋರ್ಡುಗಳನ್ನು ಓರೆಯಾಗಿ ನಿಲ್ಲಿಸಿ ತಂತಿಯಿಂದ ಜೋಡಿಸಬೇಕು, ಇಲ್ಲವೇ ಬಳುಕುವ ಸರ್ಕ್ಯೂಟನ್ನೇ ಮಾಡಿಸಬೇಕು. ಇನ್ನೊಂದು ತೊಡಕು ಎತ್ತರದ್ದು. ಕ್ಯಾಪು ಸೇರಿ 18.5 ಮಿಲಿಮೀಟರ್ ನಿಲ್ಲುವ ಎಂಎಕ್ಸ್ ಸ್ವಿಚ್ಚನ್ನು ಉಬ್ಬಿನ ಮೇಲೆ ಕೂರಿಸಿದರೆ ಅಂಗೈಯ ಆಸರೆಯೂ ಅಷ್ಟೇ ಏರಬೇಕು.

ಆ ಕಾರಣಗಳು ಈಗ ಉಳಿದಿಲ್ಲ. ಚೆರ್ರಿಯ ಮೂಲ ಪೇಟೆಂಟಿನ ಅವಧಿ ಮುಗಿದ ಮೇಲೆ, ಸುಮಾರು 2014ರಿಂದ ಈಚೆಗೆ, ಗ್ಯಾಟೆರಾನ್, ಕೈಲ್ ಮೊದಲಾದ ಚೀನೀ ತಯಾರಕರು ಒಳ್ಳೆಯ ಸ್ವಿಚ್ಚುಗಳನ್ನು ಅಗ್ಗದಲ್ಲಿ ಮಾಡುತ್ತಿದ್ದಾರೆ. 2018ರಲ್ಲಿ ಚೆರ್ರಿಯೇ 11.9 ಮಿಲಿಮೀಟರ್ ಎತ್ತರದ ಗಿಡ್ಡ ಸ್ವಿಚ್ಚು ತಂದಿತು. ಪೆರಿಕ್ಸ್ ಎಂಬ ಸಣ್ಣ ಕಂಪನಿ ಪೆರಿಬೋರ್ಡ್ 535ರಲ್ಲಿ ಗಿಡ್ಡ ಸ್ವಿಚ್ಚುಗಳನ್ನು ಉಬ್ಬಿದ ಮೈಯಲ್ಲಿ ಕೂರಿಸಿಯೂ ತೋರಿಸಿದೆ. ಸಣ್ಣವರಿಗೆ ಆದದ್ದು ದೊಡ್ಡವರಿಗೆ ಆಗದ ಕೆಲಸವೇನಲ್ಲ.

ಆದರೂ ದೊಡ್ಡವರೇ ಏಕೆ ಬೇಕು? ಹವ್ಯಾಸಿ ಲೋಕದಲ್ಲಿ ಅಪ್ಪಟ ರತ್ನಗಳಿವೆ. ಅಮೆರಿಕದ ಕಿನೆಸಿಸ್ 1992ರಿಂದಲೂ ಬಟ್ಟಲಿನ ಆಕಾರದ ಕೀಬೋರ್ಡು ಮಾಡುತ್ತಿದೆ; ಬೆರಳುಗಳ ಉದ್ದಕ್ಕೆ ತಕ್ಕಂತೆ ಕೀಲಿಗಳು ತಗ್ಗಿನಲ್ಲಿ ಕೂತಿರುತ್ತವೆ, ಒಳಗೆ ಮೆಕ್ಯಾನಿಕಲ್ ಸ್ವಿಚ್ಚು. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಇಂಗ್ಲೆಂಡಿನ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್‌ಡೇ ಮಾಲ್ಟ್ರಾನ್ ಕೀಲಿಮಣೆ ರೂಪಿಸಿದ್ದರು. ಆದರೆ ಕಿನೆಸಿಸ್ಸಿನ ಹೊಸ ಮಾದರಿಗೆ 400 ಡಾಲರಿಗೂ ಹೆಚ್ಚು ಬೆಲೆ, ಅದರ ಮೇಲೆ ಸಾಗಣೆ, ಸುಂಕ. ಕೆಟ್ಟರೆ ಕಳಿಸಬೇಕಾದದ್ದು ಸಮುದ್ರದಾಚೆ. ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡಿಕೊಡುವ ಡಿ.ಟಿ.ಪಿ. ಅಂಗಡಿಯವರಿಗೆ, ಪತ್ರಿಕಾಲಯದ ಉಪಸಂಪಾದಕರಿಗೆ, ನ್ಯಾಯಾಲಯದ ಬೆರಳಚ್ಚುಗಾರರಿಗೆ ಅದರ ಗೊಡವೆ ಸಾಧ್ಯವಿಲ್ಲ. ಇವರೇ ಅತಿ ಹೆಚ್ಚು ಕೀಲಿ ಒತ್ತುವವರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ, ಬಿಲ್ಲು ಹಾಕಿಸಿ, ವಾರಂಟಿಯೊಂದಿಗೆ ಮನೆಗೆ ತರುವಂಥ ವಸ್ತುವಾದರೆ ಮಾತ್ರ ಅದು ಇವರನ್ನು ಮುಟ್ಟುತ್ತದೆ. ಲಕ್ಷಗಟ್ಟಲೆ ತಯಾರಿಸಿ ಅಚ್ಚಿನ ಖರ್ಚನ್ನು ಹಂಚಿಬಿಡುವ ಶಕ್ತಿ ಇರುವುದು ದೊಡ್ಡ ಕಂಪನಿಗಳಿಗೆ. ಈ ಆಕಾರವನ್ನು ಸಾಕಿ ಬೆಳೆಸಿದ ಮೈಕ್ರೋಸಾಫ್ಟ್ 2023ರಲ್ಲಿ ತನ್ನ ಹೆಸರಿನ ಕೀಬೋರ್ಡು, ಮೌಸುಗಳನ್ನು ನಿಲ್ಲಿಸುವುದಾಗಿ ಹೇಳಿತು. ಮರುವರ್ಷ ಆ ವಿನ್ಯಾಸಗಳು ಇನ್‌ಕೇಸ್ ಎಂಬ ಕಂಪನಿಯ ಕೈಗೆ ಹೋದವು. ಜಾಗ ತೆರವಾಗಿದೆ.

ಇನ್ನು ನನ್ನ ಮುಖ್ಯ ಬೇಡಿಕೆ: ಹೆಬ್ಬೆರಳು. ಕೈಯಲ್ಲಿ ಎಲ್ಲಕ್ಕಿಂತ ಬಲವಾದ ಬೆರಳು ಅದು. ಎರಡು ಹೆಬ್ಬೆರಳಿಗೂ ಸೇರಿಸಿ ನಾವು ಕೊಟ್ಟಿರುವುದು ಸ್ಪೇಸ್ ಎಂಬ ಒಂದೇ ಉದ್ದನೆಯ ಕೀಲಿ. ಎಲ್ಲಕ್ಕಿಂತ ದುರ್ಬಲವಾದ ಕಿರುಬೆರಳಿಗೆ ಶಿಫ್ಟ್, ಕಂಟ್ರೋಲ್, ಟ್ಯಾಬ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲವನ್ನೂ ಹೊರಿಸಿದ್ದೇವೆ. ಮಾಲ್ಟ್ರಾನ್ ರೂಪಿಸಿದವರು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಇ ಅಕ್ಷರವನ್ನೇ ಎಡ ಹೆಬ್ಬೆರಳಿನ ಕೆಳಗೆ ತಂದಿಟ್ಟರು. ಕಿನೆಸಿಸ್ ಬ್ಯಾಕ್‌ಸ್ಪೇಸ್, ಎಂಟರ್, ಕಂಟ್ರೋಲ್‌ಗಳನ್ನು ಹೆಬ್ಬೆರಳಿಗೆ ವಹಿಸಿತು. ಕನ್ನಡ ಟೈಪು ಮಾಡುವವರಿಗೆ ಇದರ ಅಗತ್ಯ ಇಂಗ್ಲಿಷಿನವರಿಗಿಂತ ಹೆಚ್ಚು.

ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲಿ ನೆಲೆಯಾದ ವಿನ್ಯಾಸವನ್ನೇ ನೋಡಿ. ಕಲಿಯಲು ಅಷ್ಟು ಸುಲಭವಾದ, ಅಷ್ಟು ತರ್ಕಬದ್ಧವಾದ ಏರ್ಪಾಡು ಅದು. ಹ್ರಸ್ವಕ್ಕೆ ಬರಿಯ ಕೀಲಿ, ದೀರ್ಘಕ್ಕೆ ಅದೇ ಕೀಲಿ ಶಿಫ್ಟ್ ಜೊತೆ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್. ಣ ಮತ್ತು ಳ ಕೂಡ ಶಿಫ್ಟಿನಲ್ಲೇ. ಇಂಗ್ಲಿಷಿನಲ್ಲಿ ವಾಕ್ಯದ ಆರಂಭಕ್ಕೋ ಹೆಸರಿಗೋ ಬೇಕಾಗುವ ಶಿಫ್ಟ್ ಕನ್ನಡದಲ್ಲಿ ಪದದ ಒಳಗೇ ಮತ್ತೆಮತ್ತೆ ಬೇಕು. ‘ಮಾತಾಡೋಣ’ ಎಂಬ ಪದಕ್ಕೆ ಏಳು ಕೀಲಿ ಒತ್ತಿದರೆ ಅದರಲ್ಲಿ ನಾಲ್ಕಕ್ಕೆ ಶಿಫ್ಟ್ ಹಿಡಿಯಬೇಕು: ಎರಡು ಆ, ಒಂದು ಓ, ಒಂದು ಣ. ಪ್ರತಿ ಸಲವೂ ಕಿರುಬೆರಳು ಮೂಲೆಗೆ ಚಾಚಬೇಕು, ಜೊತೆಗೆ ಮಣಿಕಟ್ಟೂ ಅತ್ತ ವಾಲಬೇಕು. ಹತ್ತು ಪುಟದ ಕಡತವೊಂದರಲ್ಲಿ ಇದು ಎಷ್ಟು ಸಲವಾದೀತೆಂದು ಊಹಿಸಿಕೊಳ್ಳಿ. ದೋಷ ರಾವ್ ಅವರ ವಿನ್ಯಾಸದ್ದಲ್ಲ, ಶಿಫ್ಟನ್ನು ಮೂಲೆಗಿಟ್ಟ ಟೈಪ್‌ರೈಟರಿನ ಪರಂಪರೆಯದು. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರ ಕಷ್ಟದ ಬಗೆ ಬೇರೆ. ಅಲ್ಲಿ ದೀರ್ಘದ ಕಾಗುಣಿತ ಚಿಹ್ನೆಗಳಿಗೆ ಶಿಫ್ಟ್ ಬೇಡ, ಆದರೆ ಚ, ಟ, ಡ ಮೂರೂ ಬಲಗೈ ಕಿರುಬೆರಳಿನ ಪಾಲಿಗೆ ಬಂದಿವೆ.

ಹಾಗಾಗಿ ನನ್ನ ಕಲ್ಪನೆಯ ಕೀಲಿಮಣೆಯಲ್ಲಿ ಸ್ಪೇಸ್‌ಬಾರನ್ನು ಒಡೆದು ಪ್ರತಿ ಹೆಬ್ಬೆರಳಿಗೂ ಮೂರು ಕೀಲಿ ಕೊಡುತ್ತೇನೆ. ಎಡ ಹೆಬ್ಬೆರಳಿನ ಕೆಳಗೆ ಶಿಫ್ಟ್. ಹಿಡಿದುಕೊಂಡರೆ ಸಾಮಾನ್ಯ ಶಿಫ್ಟಿನಂತೆ ಇರಲಿ, ಒಮ್ಮೆ ತಟ್ಟಿ ಬಿಟ್ಟರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅನ್ವಯಿಸಲಿ. ಬಲಕ್ಕೆ ಸ್ಪೇಸ್, ಅದರ ಪಕ್ಕದಲ್ಲಿ ಬ್ಯಾಕ್‌ಸ್ಪೇಸ್. ಹಳೆಯ ಶಿಫ್ಟುಗಳು ಮೂಲೆಯಲ್ಲಿ ಇದ್ದಲ್ಲೇ ಇರಲಿ, ಅಭ್ಯಾಸ ಬದಲಾಗಲು ಸಮಯ ಬೇಕು. ಬಿ ಕೀಲಿಯನ್ನು ಎರಡೂ ಹೋಳಿನಲ್ಲಿ ಇಡಬೇಕು, ಏಕೆಂದರೆ ಅದನ್ನು ಯಾವ ಕೈಯಲ್ಲಿ ಒತ್ತುತ್ತೇವೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು. 6 ಅಂಕಿ ಬಲಭಾಗಕ್ಕೆ ಸೇರಲಿ. ಮೈಕ್ರೋಸಾಫ್ಟ್ ಅದನ್ನು ಎಡಕ್ಕೆ ಇಟ್ಟದ್ದು ಬೆರಳಚ್ಚು ಶಾಲೆಯಲ್ಲಿ ಕಲಿತವರಿಗೆ ಒಗ್ಗುವುದಿಲ್ಲ. ಅಂಕಿಗಳ ಮಣೆ ಬೇರೆಯಾಗಿ ಬರಲಿ, ಎಡಕ್ಕಾದರೂ ಬಲಕ್ಕಾದರೂ ಇಟ್ಟುಕೊಳ್ಳುವಂತಿರಲಿ. ಕೀಲಿಗಳು ಒಂದರ ಕೆಳಗೊಂದು ನೇರ ಕಂಬಸಾಲಿನಲ್ಲಿದ್ದರೆ ಬೆರಳಿಗೆ ಇನ್ನೂ ಒಳ್ಳೆಯದೆಂದು ಗೊತ್ತಿದ್ದೂ ಅದನ್ನು ಈ ಮಣೆಗೆ ಕೇಳುವುದಿಲ್ಲ. ಕೀಲಿಗಳ ಕೆಳಗಿನ ಸನ್ನೆಕೋಲುಗಳು ಒಂದಕ್ಕೊಂದು ತಾಗದಿರಲೆಂದು ಟೈಪ್‌ರೈಟರಿನ ಕಾಲದಲ್ಲಿ ಬಂದ ಓರೆ ಸಾಲಿಗೆ ಎಲ್ಲರ ಬೆರಳೂ ಒಗ್ಗಿದೆ, ಮೊದಲ ದಿನವೇ ತಡವರಿಸಿದರೆ ಜನ ಪೆಟ್ಟಿಗೆಯನ್ನು ಮುಚ್ಚಿಟ್ಟುಬಿಡುತ್ತಾರೆ.

ಸ್ವಿಚ್ಚುಗಳು ಗಿಡ್ಡ ಜಾತಿಯವು, ಸದ್ದಿಲ್ಲದವು, ಬೆರಳಿಗೆ ಸಣ್ಣ ತಡೆ ತಿಳಿಸುವಂಥವು. ಬೆಸುಗೆಯ ಹಂಗಿಲ್ಲದೆ ಕಿತ್ತು ಹೊಸದು ಹಾಕುವಂತಿರಬೇಕು. ಒಳ್ಳೆಯ ಸ್ವಿಚ್ಚು ಹತ್ತು ಕೋಟಿ ಒತ್ತಿಗೆ ಬಾಳುತ್ತದೆಂದು ಚೆರ್ರಿ ಹೇಳಿಕೊಳ್ಳುತ್ತದೆ. ಹಾಗಿದ್ದೂ ಚಹಾ ಚೆಲ್ಲಿದ ಒಂದು ಕೀಲಿಗಾಗಿ ಇಡೀ ಮಣೆ ಎಸೆಯಬೇಕಾಗಿ ಬರಬಾರದು. ತಂತಿಯಿಂದಲೂ ನಡೆಯಲಿ, ತಂತಿಯಿಲ್ಲದೆಯೂ ನಡೆಯಲಿ. ಬೆಲೆ ಹತ್ತು ಸಾವಿರ ರೂಪಾಯಿಯ ಒಳಗೆ ಬರಬೇಕು. ಅದಕ್ಕಿಂತ ಹೆಚ್ಚಾದರೆ ನಾನು ಹೇಳಿದ ಜನರ ಕೈಗೆ ಅದು ಸೇರದು.

ಕೊನೆಯ ಬೇಡಿಕೆಯನ್ನು ಎಂಜಿನಿಯರುಗಳು ಚಿಕ್ಕದೆಂದು ತಳ್ಳಿಹಾಕುವ ಅಪಾಯವಿದೆ. ಯಾವ ಕೀಲಿ ಏನು ಮಾಡಬೇಕೆಂಬ ನೆನಪು ಕೀಬೋರ್ಡಿನ ಒಳಗೇ ಉಳಿಯಬೇಕು. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶ ಹವ್ಯಾಸಿಗಳ ಕೀಬೋರ್ಡುಗಳಲ್ಲಿ ಈ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ, ಕೀಕ್ರಾನ್‌ನಂಥ ಕಂಪನಿಗಳು ಅದನ್ನು ಅಂಗಡಿಯ ಮಾಲಿಗೂ ತಂದಿವೆ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ತಮ್ಮದೇ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ ಎನ್ನುತ್ತವೆ. ಸರ್ಕಾರಿ ಕಚೇರಿಯ, ಬ್ಯಾಂಕಿನ ಕಂಪ್ಯೂಟರಿನಲ್ಲಿ ಸಿಬ್ಬಂದಿಗೆ ಹೊಸದೇನನ್ನೂ ಹಾಕುವ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ. ಮನೆಯಲ್ಲಿ ಒಮ್ಮೆ ಹೊಂದಿಸಿಕೊಂಡು ತಂದ ಮಣೆ ಕಚೇರಿಯ ಯಾವ ಯಂತ್ರಕ್ಕೆ ಚುಚ್ಚಿದರೂ ಹೆಬ್ಬೆರಳ ಶಿಫ್ಟು ಹಾಗೇ ಕೆಲಸ ಮಾಡಬೇಕು, ನುಡಿ ತೆರೆದರೂ ಇನ್‌ಸ್ಕ್ರಿಪ್ಟ್ ತೆರೆದರೂ.