ವಿದ್ಯಾಡಳಿತದಲ್ಲಿ ‘ಸಮನ್ವಯ’ ಪದದ ಅರ್ಥವಿಚಾರ

ಭಾರತ ಸಂವಿಧಾನದ ಏಳನೆಯ ಅನುಸೂಚಿಯಲ್ಲಿರುವ ಕೇಂದ್ರಪಟ್ಟಿಯ 66ನೆಯ ನಮೂದು ಅಕ್ಷರಗಳಲ್ಲಿ ಅಲ್ಪವಾದರೂ ಅರ್ಥದಲ್ಲಿ ಗುರುತರವಾದುದು. ಉನ್ನತ ಶಿಕ್ಷಣ, ಸಂಶೋಧನೆ, ವಿಜ್ಞಾನ ಮತ್ತು ತಾಂತ್ರಿಕ ವಿದ್ಯೆಯ ಸಂಸ್ಥೆಗಳ ವಿಷಯದಲ್ಲಿ ‘ಸಮನ್ವಯ’ ಮತ್ತು ‘ಮಟ್ಟದ ನಿರ್ಧಾರ’ ಎಂಬ ಎರಡು ಕಾರ್ಯಗಳನ್ನು ಅದು ಕೇಂದ್ರಕ್ಕೆ ವಹಿಸುತ್ತದೆ. ದೇಶದ ವಿದ್ಯಾಡಳಿತವನ್ನು ಕುರಿತ ವಾದಗಳು ಬಹುಮಟ್ಟಿಗೆ ಈ ಎರಡು ಪದಗಳನ್ನೇ ಆಶ್ರಯಿಸಿರುವುದರಿಂದ, ಇವುಗಳ ಅರ್ಥವೇನು, ಎಲ್ಲೆಯೆಷ್ಟು ಎಂಬುದನ್ನು ನಿಷ್ಕರ್ಷಿಸುವುದು ಆವಶ್ಯಕವಾಗಿದೆ.

ಸಮನ್ವಯವೆಂದರೆ ಬೇರೆಬೇರೆಯಾಗಿರುವವು ತಮ್ಮತಮ್ಮ ಸ್ವರೂಪವನ್ನು ಬಿಡದೆ ಒಂದು ತಾತ್ಪರ್ಯದಲ್ಲಿ ಕೂಡುವುದು. ಕೂಡತಕ್ಕವು ಹಲವಿದ್ದರೆ ಮಾತ್ರ ಸಮನ್ವಯಕ್ಕೆ ಅವಕಾಶ. ಒಂದೇ ಉಳಿದಲ್ಲಿ ಆ ಪದಕ್ಕೆ ವಿಷಯವೇ ಇಲ್ಲ. ಆದುದರಿಂದ 66ನೆಯ ನಮೂದು ರಾಜ್ಯಗಳ ಸ್ವತಂತ್ರ ವಿದ್ಯಾಧಿಕಾರವನ್ನು ನಿಷೇಧಿಸುವುದಿಲ್ಲ. ಅದನ್ನು ಮೊದಲೇ ಅಂಗೀಕರಿಸಿ ಮುಂದುವರಿಯುತ್ತದೆ.

1950ರ ಮೂಲಪಾಠವು ಈ ಅರ್ಥವನ್ನೇ ಸಮರ್ಥಿಸುತ್ತದೆ. ಅಂದು ಶಿಕ್ಷಣವು ರಾಜ್ಯಪಟ್ಟಿಯ 11ನೆಯ ನಮೂದಾಗಿತ್ತು; ಕೇಂದ್ರಕ್ಕೆ ಬಿಟ್ಟ ಕೆಲವು ಅಂಶಗಳು ಅದಕ್ಕೆ ಅಪವಾದಗಳಾಗಿದ್ದುವು. 1976ರ 42ನೆಯ ತಿದ್ದುಪಡಿಯು 11ನೆಯ ನಮೂದನ್ನು ತೆಗೆದು, ಶಿಕ್ಷಣವನ್ನು ಸಮವರ್ತಿ ಪಟ್ಟಿಯ 25ನೆಯ ನಮೂದಿನಲ್ಲಿ ಸೇರಿಸಿತು. ಸಮವರ್ತಿಯೆಂಬುದು ಕೇಳುವುದಕ್ಕೆ ಉಭಯಪದಗಳೂ ಪ್ರಧಾನವಾಗಿರುವ ದ್ವಂದ್ವಸಮಾಸದಂತಿದೆ. ಆದರೆ ಉಭಯರ ಕಾನೂನುಗಳಿಗೆ ವಿರೋಧ ಬಂದಲ್ಲಿ, ರಾಷ್ಟ್ರಪತಿಗಳ ಸಮ್ಮತಿ ದೊರೆತ ಸಂದರ್ಭವನ್ನುಳಿದು, ಕೇಂದ್ರದ ಕಾನೂನೇ ನಿಲ್ಲುವುದೆಂದು 254ನೆಯ ಅನುಚ್ಛೇದವು ವಿಧಿಸಿದೆ. ಹೀಗೆ ಹೆಸರಿನಲ್ಲಿ ದ್ವಂದ್ವವಾದುದು ಪ್ರಯೋಗದಲ್ಲಿ ಒಂದೇ ಪದ ಪ್ರಧಾನವಾದ ತತ್ಪುರುಷವಾಯಿತು.

ನ್ಯಾಯಾಲಯದ ವ್ಯಾಖ್ಯಾನವೂ ಏಕರೂಪವಾಗಿಲ್ಲ. ಗುಜರಾತ್ ವಿಶ್ವವಿದ್ಯಾನಿಲಯದ ವ್ಯಾಜ್ಯದಲ್ಲಿ 1962ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು, ಶಿಕ್ಷಣಮಾಧ್ಯಮವನ್ನು ಗೊತ್ತುಪಡಿಸುವ ಅಧಿಕಾರವು ಮಟ್ಟದ ಮೇಲೆ ಪರಿಣಾಮವುಂಟುಮಾಡುವಷ್ಟರ ಮಟ್ಟಿಗೆ ಕೇಂದ್ರಕ್ಕೆ ಸೇರಿದುದೆಂದಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಇದಕ್ಕೆ ಒಡಂಬಡಲಿಲ್ಲ. ವೈದ್ಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನು ಏರ್ಪಡಿಸಿದ್ದ ಮೈಸೂರು ಸರ್ಕಾರದ ಆಜ್ಞೆಯು 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಪ್ರಶ್ನಿತವಾದಾಗ, ಬಹುಮತದ ತೀರ್ಪನ್ನು ಬರೆದವರು ಅವರೇ. ರಾಜ್ಯದ ಕ್ರಮವು ಕೇಂದ್ರದ ಕ್ಷೇತ್ರವನ್ನು ಅಳಿಸುವಷ್ಟು ಅಥವಾ ಗಣನೀಯವಾಗಿ ಕುಗ್ಗಿಸುವಷ್ಟು ಪ್ರಬಲವಾದರೆ ಮಾತ್ರ ಅದು ನಿಲ್ಲದೆಂಬ ಪ್ರಮಾಣವನ್ನು ಅಲ್ಲಿ ಸ್ಥಾಪಿಸಿ, ಆಜ್ಞೆಯನ್ನು ಎತ್ತಿಹಿಡಿಯಲಾಯಿತು. ಈ ಎರಡನೆಯ ವ್ಯಾಖ್ಯಾನವೇ ಪದಾರ್ಥಕ್ಕೆ ಸಮೀಪವಾದುದು. ಮಟ್ಟಕ್ಕೆ ದೂರದ ಸಂಬಂಧವಿರುವುದೆಲ್ಲವೂ ಮಟ್ಟವೇ ಎಂದರೆ, ವಿದ್ಯೆಯಲ್ಲಿ ಮಟ್ಟವಲ್ಲದುದು ಯಾವುದೂ ಉಳಿಯದು.

ಇಲ್ಲಿ ಒಂದು ಆಕ್ಷೇಪವುಂಟು. ಒಬ್ಬ ನಿಯಾಮಕನಿಲ್ಲದಿದ್ದರೆ ಒಂದು ಪ್ರಾಂತದ ಪದವಿಗೆ ಮತ್ತೊಂದರಲ್ಲಿ ಮನ್ನಣೆ ದೊರೆಯದು. ಹೆಸರಿಗೆ ಮಾತ್ರ ವಿಶ್ವವಿದ್ಯಾನಿಲಯಗಳೆನಿಸುವ ಸಂಸ್ಥೆಗಳು ಹೆಚ್ಚುವುವು ಎಂದು. ಈ ಭಯ ನಿರಾಧಾರವಲ್ಲ. ಪದವಿಗೆ ಬೇಕಾದ ಕನಿಷ್ಠ ಯೋಗ್ಯತೆಯನ್ನು ಕೇಂದ್ರವು ಗೊತ್ತುಪಡಿಸುವುದು ನ್ಯಾಯವೇ. ಆದರೆ ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗವು ಜನವರಿ 2025ರಲ್ಲಿ ಹೊರಡಿಸಿದ ಕರಡು ನಿಯಮಗಳನ್ನು ನೋಡಬೇಕು. ಕುಲಪತಿಗಳನ್ನು ಆರಿಸುವ ಶೋಧನಸಮಿತಿಯಲ್ಲಿ ಕುಲಾಧಿಪತಿಗಳ, ಆಯೋಗದ ಮತ್ತು ವಿಶ್ವವಿದ್ಯಾನಿಲಯದ ಪ್ರತಿನಿಧಿಗಳಿಗೆ ಸ್ಥಾನವಿತ್ತು. ವೇತನದ ಬಹುಭಾಗವನ್ನು ತೆರುವ ರಾಜ್ಯಸರ್ಕಾರದ ಪ್ರತಿನಿಧಿಗೆ ಇರಲಿಲ್ಲ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಇದನ್ನು ವಿರೋಧಿಸಿದುವು. ವೆಚ್ಚವನ್ನು ಹೊರುವವನೊಬ್ಬ, ಆಜ್ಞಾಪಿಸುವವನೊಬ್ಬನಾದರೆ, ಲೋಪವುಂಟಾದಾಗ ಉತ್ತರ ಹೇಳುವವರು ಯಾರು?

ಕುಶಲವಿದ್ಯೆಯ ತರಬೇತಿಯ ನಿದರ್ಶನವು ಇದಕ್ಕಿಂತ ಬೋಧಪ್ರದವಾಗಿದೆ. ಕಾರ್ಮಿಕರ ವೃತ್ತಿತರಬೇತಿಯು 1950ರಿಂದಲೂ ಸಮವರ್ತಿ ವಿಷಯ. ಆದರೂ 1956ರಲ್ಲಿ ಕೈಗಾರಿಕಾ ತರಬೇತಿ ಸಂಸ್ಥೆಗಳ ದಿನನಿತ್ಯದ ಆಡಳಿತವು ರಾಜ್ಯಗಳಿಗೆ ಒಪ್ಪಿಸಲ್ಪಟ್ಟಿತು. ಪಾಠಕ್ರಮ, ಅಖಿಲಭಾರತ ಪರೀಕ್ಷೆ, ಪ್ರಮಾಣಪತ್ರಗಳು ಕೇಂದ್ರದ ವ್ಯವಸ್ಥೆಯಲ್ಲಿ ಉಳಿದುವು. ಎಲ್ಲೆ ಸ್ಪಷ್ಟವಾಗಿದ್ದರೆ ಸಮವರ್ತಿತ್ವವೂ ನಡೆಯಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಕೇಂದ್ರದೊಳಗೇ ಸಮನ್ವಯವು ಸಾಲದಾಗಿದೆ. 2014ರಿಂದ ಕೌಶಲಕ್ಕೆ ಪ್ರತ್ಯೇಕ ಸಚಿವಾಲಯವಿದೆ; ಡಿಪ್ಲೊಮಾ ಮತ್ತು ಪದವಿಯ ತಾಂತ್ರಿಕ ಶಿಕ್ಷಣವು ಶಿಕ್ಷಣ ಸಚಿವಾಲಯದ ಕಡೆಯದು. ಫಿಟ್ಟರ್ ತರಬೇತಿ ಮುಗಿಸಿದ ಹುಡುಗನು ಡಿಪ್ಲೊಮಾಗೆ ಹೋಗಬೇಕಾದರೆ ಒಂದು ಇಲಾಖೆಯಿಂದ ಮತ್ತೊಂದಕ್ಕೆ ದಾಟಬೇಕು. ಈ ಎರಡು ದಾರಿಗಳನ್ನು ಕೂಡಿಸುವುದಕ್ಕಾಗಿಯೇ 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟನ್ನು ರಚಿಸಬೇಕಾಯಿತು.

ಹಾಗಾದರೆ ಪರಿಹಾರವೇನು? 1956ರ ಆಯೋಗದ ಕಾಯಿದೆಯ 12ನೆಯ ಪ್ರಕರಣವು ವಿಶ್ವವಿದ್ಯಾನಿಲಯಗಳೊಡನೆ ಹಾಗೂ ಸಂಬಂಧಪಟ್ಟ ಇತರ ಸಂಸ್ಥೆಗಳೊಡನೆ ಸಮಾಲೋಚನೆಯನ್ನು ಹೇಳುತ್ತದೆ. ರಾಜ್ಯಗಳನ್ನು ಹೆಸರಿಸಿ ಹೇಳುವುದಿಲ್ಲ. 1920ರಲ್ಲಿ ಹುಟ್ಟಿ, 1923ರಲ್ಲಿ ನಿಂತು, 1935ರಲ್ಲಿ ಪುನಃ ಬಂದ ಕೇಂದ್ರ ಶಿಕ್ಷಣ ಸಲಹಾ ಮಂಡಲಿಯು ಹೆಸರೇ ತಿಳಿಸುವಂತೆ ಸಲಹೆಗೆ ಮಾತ್ರ ಅಧಿಕಾರಿ. ತೆರಿಗೆಯ ವಿಷಯದಲ್ಲಾದರೋ, 2016ರ ತಿದ್ದುಪಡಿಯು ಸರಕು ಮತ್ತು ಸೇವಾ ತೆರಿಗೆಯ ಮಂಡಲಿಯನ್ನು ಸಂವಿಧಾನದಲ್ಲಿಯೇ ಸ್ಥಾಪಿಸಿ, ಮತಗಳ ಮೂರರಲ್ಲಿ ಎರಡು ಪಾಲನ್ನು ರಾಜ್ಯಗಳಿಗೆ ಕೊಟ್ಟಿತು. ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕೆಂದುದರಿಂದ ಯಾವ ಪಕ್ಷವೂ ಮತ್ತೊಂದನ್ನು ಬಿಟ್ಟು ನಡೆಯಲಾರದು. ತೆರಿಗೆಯ ದರವನ್ನು ಗೊತ್ತುಮಾಡುವುದಕ್ಕೆ ಇಷ್ಟು ಸಮಾಲೋಚನೆ ಬೇಕಾದ ದೇಶದಲ್ಲಿ, ಮಕ್ಕಳು ಏನನ್ನು, ಯಾವ ಭಾಷೆಯಲ್ಲಿ, ಯಾರಿಂದ ಕಲಿಯಬೇಕೆಂಬುದಕ್ಕೆ ಸುತ್ತೋಲೆಯೊಂದೇ ಸಾಕೆನ್ನುವುದು ಯುಕ್ತವಲ್ಲ.

ಮಟ್ಟವನ್ನು ಕೇಂದ್ರವು ನಿರ್ಧರಿಸಲಿ. ಆದರೆ ನಿರ್ಧರಿಸುವ ಸಭೆಯಲ್ಲಿ ರಾಜ್ಯಗಳಿಗೆ ಮತವಿರಲಿ, ನಿರ್ಧಾರದ ಎಲ್ಲೆಯು ಲಿಖಿತವಾಗಿರಲಿ. ಆಗ ಮಾತ್ರ 66ನೆಯ ನಮೂದಿನ ಪೂರ್ವಪದವು ಸಾರ್ಥಕವಾಗುವುದೆಂಬುದೇ ಫಲಿತಾರ್ಥ.