ಇದು ಅವರ ಮುಖವಲ್ಲ

ಕಳೆದ ಆಷಾಢದಲ್ಲಿ ನನ್ನ ತಮ್ಮ ಗೆಳೆಯನೊಬ್ಬನನ್ನು ಕರೆದುಕೊಂಡು ಬೆಂಗಳೂರಿನಿಂದ ಆಗುಂಬೆಯ ಮನೆಗೆ ಬಂದ. ತೀರ್ಥಹಳ್ಳಿಯಿಂದ ನಾನೂ ಹೋಗಿದ್ದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿಗೆ ಆಷಾಢದಲ್ಲಿ ಯಾರಾದರೂ ಬರುತ್ತಾರೆಯೆ ಎಂದು ಅಮ್ಮ ಗೊಣಗುತ್ತಲೇ ಹಲಸಿನ ಹಪ್ಪಳ ಕರಿದಳು. ಬಂದ ಉದ್ದೇಶ ಮರುದಿನ ತಿಳಿಯಿತು. ಚೀಲದೊಳಗಿಂದ ಬಟ್ಟೆಯಲ್ಲಿ ಸುತ್ತಿದ ಗೊಂಬೆಯೊಂದು ಹೊರಬಂತು. ಅದನ್ನು ಜಗಲಿಯ ಅಂಚಿನಲ್ಲಿ, ಮಳೆಯನ್ನು ಹಿಂದಿಟ್ಟು ನಿಲ್ಲಿಸಿ ಫೋಟೋ ತೆಗೆಯಬೇಕಂತೆ!

ಹನ್ನೆರಡು ಅಂಗುಲದ ಗೊಂಬೆ. ಹಾಂಕಾಂಗಿನ ಹಾಟ್ ಟಾಯ್ಸ್ ಎಂಬ ಕಂಪನಿ ಮಾಡಿದ್ದು. 2008ರಲ್ಲಿ ತೆರೆಕಂಡ ಬ್ಯಾಟ್‌ಮನ್ ಚಿತ್ರ 'ದಿ ಡಾರ್ಕ್ ನೈಟ್'ನ ಜೋಕರ್ ಇವನು. ಆ ಪಾತ್ರ ಮಾಡಿದ ಹೀತ್ ಲೆಡ್ಜರ್ ಚಿತ್ರ ತೆರೆಗೆ ಬರುವ ಮೊದಲೇ, ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡ. ಬಿಳಿ ಬಳಿದ ಮುಖ, ಕಿವಿಯ ತನಕ ಹರಿದ ಕೆಂಪು ಬಾಯಿ. "ಈ ಕುಂಕುಮ ಮೆತ್ತಿಕೊಂಡವನನ್ನು ದೇವರ ಗೂಡಿನ ಹತ್ತಿರ ಮಾತ್ರ ಇಡಬೇಡಿ" ಎಂದಳು ಅಮ್ಮ. ಬೆಲೆಯನ್ನು ನಾವು ಕೇಳಲಿಲ್ಲ, ತಮ್ಮ ಹೇಳಲೂ ಇಲ್ಲ.

ಅಂದು ಸಂಜೆಯೆಲ್ಲ ಇಬ್ಬರದೂ ವಾದ. ಗೆಳೆಯನ ಪ್ರಕಾರ ಜೋಕರ್ ಎಂದ ಮೇಲೆ ನಗಬೇಕು, ಹಲ್ಲು ಕಾಣಬೇಕು. ಚಿತ್ರದಲ್ಲಿ ಜನ ನೆನಪಿಟ್ಟುಕೊಂಡದ್ದೇ ಆ ನಗೆಯನ್ನು. ತಮ್ಮನಿಗೆ ಮಾತ್ರ ಭಾವವಿಲ್ಲದ ಮುಖವೇ ಬೇಕು. "ಒಂದೇ ನಗೆಯನ್ನು ವರ್ಷಗಟ್ಟಲೆ ಕಪಾಟಿನಲ್ಲಿ ನೋಡುವುದಕ್ಕೆ ಆಗ್ತದೇನೋ?" ಎನ್ನುತ್ತಿದ್ದ. ಕೆಲವು ಗೊಂಬೆಗಳಿಗೆ ಎರಡೆರಡು ತಲೆಗಳನ್ನೇ ಕೊಡುತ್ತಾರಂತೆ, ಒಂದು ನಗುವುದು, ಒಂದು ಸುಮ್ಮನಿರುವುದು; ಬೇಕಾದಾಗ ಕಿತ್ತು ಬೇರೆಯದನ್ನು ಸಿಕ್ಕಿಸಿದರಾಯಿತು. ರಾವಣನಿಗೂ ಇಲ್ಲದ ಅನುಕೂಲ.

ಮೊದಮೊದಲು ನನಗೆ ನಗು ಬಂತು. ಮೂವತ್ತು ದಾಟಿದ ಗಂಡಸರು ಗೊಂಬೆಯ ತುಟಿಗಾಗಿ ಕಾದಾಡುವುದು! ಆದರೆ ಕೇಳುತ್ತ ಹೋದಂತೆ ಇದು ಅವರಿಬ್ಬರ ಹುಡುಗಾಟವಲ್ಲ, ನಾವೆಲ್ಲ ಒಂದಲ್ಲ ಒಂದು ದಿನ ಗೋಡೆಯ ಮುಂದೆ ನಿಂತು ಆಡಿದ ಜಗಳ ಎನ್ನಿಸಿತು.

ತಮ್ಮ ಇದರ ಚರಿತ್ರೆಯನ್ನೂ ಹೇಳಿದ. ಅಮೆರಿಕದ ಕೆನ್ನರ್ ಕಂಪನಿ 1978ರಲ್ಲಿ 'ಸ್ಟಾರ್ ವಾರ್ಸ್' ಚಿತ್ರದ ಗೊಂಬೆಗಳನ್ನು ಮಾರುಕಟ್ಟೆಗೆ ತಂದಾಗ ಅವು ಮೂರೂಮುಕ್ಕಾಲು ಅಂಗುಲದವು. ಮುಖವೆಂದರೆ ಬಟಾಣಿಯಷ್ಟು, ಕಣ್ಣೆಂದರೆ ಚುಕ್ಕಿ. ಹೋಲಿಕೆಯ ಮಾತೇ ಇಲ್ಲ. ಮಕ್ಕಳು ಆಡಿದರು, ಮುರಿದರು. ಆ ಮಕ್ಕಳೇ ದೊಡ್ಡವರಾಗಿ ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ತಕರಾರು ಶುರುವಾಯಿತು. 1995ರಲ್ಲಿ ಅದೇ ಚಿತ್ರದ ಹೊಸ ಗೊಂಬೆಗಳು ಬಂದಾಗ ರಾಜಕುಮಾರಿ ಲಿಯಾಳ ಮುಖ ಮಂಗನ ಮುಖದಂತಿದೆ ಎಂದು ದೊಡ್ಡ ಗೊಣಗಾಟವೇ ನಡೆಯಿತಂತೆ. ಈಗ ನಟನ ಮುಖವನ್ನು ಯಂತ್ರದಿಂದ ಅಳೆಯುತ್ತಾರೆ. ಹುಬ್ಬಿನ ಕೂದಲು, ಚರ್ಮದ ರಂಧ್ರ ಕೂಡ ತಪ್ಪುವುದಿಲ್ಲ. ಆದರೂ "ಇದು ಅವನಲ್ಲ" ಎಂಬ ಮಾತು ನಿಂತಿಲ್ಲ. ನನಗೆ ಕುತೂಹಲ ಹುಟ್ಟಿದ್ದು ಇಲ್ಲಿಯೇ. ಅಳತೆ ತಪ್ಪಿಲ್ಲದಿದ್ದರೆ ತಪ್ಪಿದ್ದೇನು?

ನಮ್ಮೂರಿಗೆ ಈ ಪ್ರಶ್ನೆ ಹೊಸದಲ್ಲ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಣಕ್ಕೆ ಆಗುಂಬೆಗೆ ಬಂದಾಗ ಇಡೀ ಊರೇ ಗೊಂಬೆಮನೆಯಾಗಿತ್ತು. ದೊಡ್ಡಮನೆ ಸ್ವಾಮಿಯ ಮನೆಯಾಯಿತು, ನಾವು ನಡೆದಾಡುವ ಬೀದಿ ಮಾಲ್ಗುಡಿಯಾಯಿತು. ದೂರದರ್ಶನದಲ್ಲಿ ಹಿಂದಿ ಮಾತು ಪೂರ್ತಿ ತಿಳಿಯದಿದ್ದರೂ ನಾವು ನಮ್ಮ ಹಂಚಿನ ಮಾಡನ್ನು ಗುರುತಿಸಿ ಕೂಗಿಕೊಳ್ಳುತ್ತಿದ್ದೆವು. ಆ ಧಾರಾವಾಹಿಯ ಆರಂಭದಲ್ಲಿ ಬರುವುದು ಆರ್.ಕೆ. ಲಕ್ಷ್ಮಣ್ ಗೆರೆಗಳಲ್ಲಿ ಬರೆದ ಚಿತ್ರಗಳು. ಆಮೇಲೆ ಬರುವವನು ಮಾಸ್ಟರ್ ಮಂಜುನಾಥ್. ಗೆರೆಯ ಹುಡುಗನಿಗೂ ಈ ಹುಡುಗನಿಗೂ ಹೋಲಿಕೆ ಹುಡುಕಿದವರನ್ನು ನಾನು ಕಾಣೆ. ಆ ದೊಡ್ಡ ಕಣ್ಣುಗಳನ್ನು ಅರಳಿಸಿ ಅವನು ಅಪ್ಪನ ಮುಂದೆ, ಅಂದರೆ ಗಿರೀಶ ಕಾರ್ನಾಡರ ಮುಂದೆ ನಿಂತ ಕ್ಷಣದಿಂದ ಸ್ವಾಮಿ ಎಂದರೆ ಅವನೇ. ಈಗ ಯಾರಾದರೂ ಸ್ವಾಮಿಯ ಗೊಂಬೆ ಮಾಡಿದರೆ ಜನ ನಾರಾಯಣರ ಪುಸ್ತಕ ತೆರೆದು ನೋಡುವುದಿಲ್ಲ, ಮಂಜುನಾಥನ ಕಣ್ಣು ಬಂದಿದೆಯೆ ಎಂದೇ ನೋಡುತ್ತಾರೆ. ಪಾತ್ರಕ್ಕೆ ಮುಖವಿರಲಿಲ್ಲ, ಒಬ್ಬ ಹುಡುಗ ತನ್ನ ಮುಖವನ್ನೇ ಕೊಟ್ಟುಬಿಟ್ಟ.

ಮಾಲ್ಗುಡಿಯಲ್ಲೇ ಸರ್ ಫ್ರೆಡರಿಕ್ ಲಾಲಿ ಎಂಬ ದೊರೆಯ ಪ್ರತಿಮೆಯೂ ಇದೆಯಷ್ಟೆ. ನಾರಾಯಣರ ಕಥೆಯಲ್ಲಿ ಪುರಸಭೆಯವರು ದುಷ್ಟ ಆಂಗ್ಲನೆಂದು ಅದನ್ನು ಕೀಳಿಸುತ್ತಾರೆ, ಆಮೇಲೆ ನೋಡಿದರೆ ಅವನು ಬೇರೆ ಲಾಲಿ, ಊರಿಗೆ ಒಳ್ಳೆಯದು ಮಾಡಿದವನು. ಅಷ್ಟು ದೊಡ್ಡ ಪ್ರತಿಮೆ ಕಣ್ಣೆದುರೇ ಇದ್ದರೂ ಅದು ಯಾರದೆಂದು ಒಬ್ಬರಿಗೂ ಗೊತ್ತಿರಲಿಲ್ಲ! ಹೋಲಿಕೆಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಮುಖವನ್ನು ಬಲ್ಲವರು ಉಳಿದಿರುವ ತನಕ ಮಾತ್ರ ಅದು ಪ್ರಶ್ನೆ.

ಶಂಕರ್‌ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಅಪಘಾತದಲ್ಲಿ. ಅಂದಿನಿಂದ ಇಂದಿನವರೆಗೂ ಕರ್ನಾಟಕದ ಆಟೋಗಳ ಬೆನ್ನ ಮೇಲೆ ಅವರ ಮುಖ ಓಡಾಡುತ್ತಿದೆ. 1980ರ 'ಆಟೋರಾಜ'ನ ಋಣ ಅದು. ಆ ಚಿತ್ರಗಳನ್ನು ಗಮನಿಸಿ ನೋಡಿ. ಎಷ್ಟೋ ಆಟೋಗಳಲ್ಲಿ ಗಡ್ಡ ಬಿಟ್ಟರೆ ಬೇರೇನೂ ಅವರದ್ದಲ್ಲ. ಆದರೂ ಯಾರೂ ತಪ್ಪು ತಿಳಿಯುವುದಿಲ್ಲ. ಗಡ್ಡ, ಸ್ವಲ್ಪ ಓರೆಯಾದ ನೋಟ, ಎಲ್ಲಿಗೋ ಹೊರಟಿರುವ ಆತುರ, ಇಷ್ಟಾದರೆ ಸಾಕು. ಅದೇ ಪುನೀತ್ ರಾಜಕುಮಾರರ ವಿಷಯದಲ್ಲಿ ನಮ್ಮ ಕಲಾವಿದರು ಸೋತದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. 2021ರ ಅಕ್ಟೋಬರ್ 29ರಂದು ಅವರು ಹೋದ ಮೇಲೆ ಊರೂರಿಗೆ ಪ್ರತಿಮೆಗಳೆದ್ದವು. 2022ರ ಚೌತಿಯಲ್ಲಿ ಗಣಪತಿಯ ಪಕ್ಕದಲ್ಲಿಯೇ ಅಪ್ಪು ನಿಂತರು. ಗಣಪತಿ ಚೆನ್ನಾಗಿಯೇ ಇರುತ್ತಿದ್ದ. ಅಪ್ಪು ಮಾತ್ರ ಯಾರೋ ಆಗಿಬಿಡುತ್ತಿದ್ದರು. ಏಕೆಂದರೆ ಎಲ್ಲರಿಗೂ ಬೇಕಾದದ್ದು ಅವರ ನಗೆ. ನಗೆಯೆಂದರೆ ಬಾಯಿ ಎಂದು ತಿಳಿದವರು ಹಲ್ಲನ್ನು ಬಿಳಿ ಬಣ್ಣದಲ್ಲಿ ಬರೆದು ಕೈ ತೊಳೆದುಕೊಂಡರು. ಮನುಷ್ಯ ನಕ್ಕಾಗ ಕೆನ್ನೆ ಮೇಲೇಳುತ್ತದೆ, ಕಣ್ಣಿನ ಕೆಳಗಿನ ಚರ್ಮ ಸುಕ್ಕಾಗುತ್ತದೆ, ಕಣ್ಣು ಕಿರಿದಾಗುತ್ತದೆ. ಬಾಯಿ ಮಾತ್ರ ನಕ್ಕು ಕಣ್ಣು ಅರಳಿಯೇ ಇದ್ದರೆ ಅದು ನಗೆಯಲ್ಲ, ಹೆದರಿಕೆ. ತಪ್ಪು ಮೂಗಿನದ್ದಾಗಿದ್ದರೆ ಅಭಿಮಾನಿಗಳು ಕ್ಷಮಿಸುತ್ತಿದ್ದರೇನೋ.

ದೇವರ ಮುಖಕ್ಕೆ ಈ ಕಷ್ಟವಿಲ್ಲ. ಸಾಗರದ ಗುಡಿಗಾರರು ಗಂಧದಲ್ಲಿ ಕೃಷ್ಣನನ್ನು ಕೆತ್ತಿದರೆ "ಇದು ಕೃಷ್ಣನ ಹಾಗಿಲ್ಲ" ಎನ್ನುವವರು ಯಾರು? ಘಟ್ಟದ ಕೆಳಗಿನ ಉಪ್ಪಿನಕುದ್ರು ಕಾಮತರ ಯಕ್ಷಗಾನ ಗೊಂಬೆಗಳಿಗೂ ಒಂದೊಂದೇ ಮುಖ. ಆದರೆ ಸೂತ್ರ ಎಳೆದು ಕೊರಳನ್ನು ತುಸು ಬಗ್ಗಿಸಿದರೆ ಅದೇ ಮುಖ ಅಳುತ್ತದೆ, ಎದೆ ಮುಂದೆ ಮಾಡಿ ಹೆಜ್ಜೆ ಕುಟ್ಟಿಸಿದರೆ ಅದೇ ಮುಖ ಕೆರಳುತ್ತದೆ. ಕೆತ್ತಿದವನು ಭಾವವನ್ನು ಮುಖದಲ್ಲಿ ತುಂಬಿಬಿಟ್ಟಿದ್ದರೆ ಆಡಿಸುವವನಿಗೆ ಕೆಲಸವೇ ಉಳಿಯುತ್ತಿರಲಿಲ್ಲ. ಈ ಉದಾಹರಣೆ ಹೇಳಿ ನಾನು ತಮ್ಮನ ಪಕ್ಷ ವಹಿಸಿದೆ. ಗೆಳೆಯ ಸುಮ್ಮನಾಗಲಿಲ್ಲ. "ಅಕ್ಕಾ, ಆ ಗೊಂಬೆ ಕುಣೀತದೆ. ನಮ್ಮದು ಕಪಾಟಿನಲ್ಲಿ ನಿಂತೇ ಇರ್ತದಲ್ಲ. ಅದಕ್ಕೆ ಯಾರು ಸೂತ್ರ ಎಳೀತಾರೆ?" ಎಂದ. ಒಳ್ಳೆಯ ಮಾತು. ನನ್ನಲ್ಲಿ ಉತ್ತರವಿರಲಿಲ್ಲ. ನೋಡುವವರ ಮನಸ್ಸೇ ಎಳೆಯುತ್ತದೆ ಎಂದು ಆಗ ಹೊಳೆದಿದ್ದರೆ ಹೇಳುತ್ತಿದ್ದೆ. ಹೇಳಿದ್ದರೂ ಅವನು ಒಪ್ಪುತ್ತಿದ್ದನೆಂದು ತೋರುವುದಿಲ್ಲ.

ತಮ್ಮ ಮಾತ್ರ ಗೆದ್ದವನಂತೆ ಇರಲಿಲ್ಲ. ಅವನಿಗೆ ಈ ಹಠ ಏಕೆಂದು ನನಗೆ ತಟ್ಟನೆ ನೆನಪಾಯಿತು.

ನಮ್ಮ ಅಪ್ಪ ನಕ್ಕ ಒಂದು ಫೋಟೋ ಕೂಡ ಇಲ್ಲ. ಕ್ಯಾಮೆರಾ ಕಂಡರೆ ಅವರು ಲೆಕ್ಕ ತಪ್ಪಿದ ಶಾನುಭೋಗರಂತೆ ಹುಬ್ಬು ಗಂಟಿಕ್ಕುತ್ತಿದ್ದರು. ಅವರು ತೀರಿಕೊಂಡಾಗ ವರ್ಷಾಂತಿಕಕ್ಕೆಂದು ಪೇಟೆಯ ಕಲಾವಿದರೊಬ್ಬರಿಂದ ದೊಡ್ಡ ಚಿತ್ರ ಬರೆಸಿದೆವು. ಮತದಾರರ ಚೀಟಿಯ ಫೋಟೋ ಕೊಟ್ಟು, "ಸ್ವಲ್ಪ ನಗುಮುಖ ಮಾಡಿ" ಎಂದು ಹೇಳಿದವನು ಇದೇ ತಮ್ಮ. ಹಣ ಕೊಟ್ಟವನೂ ಅವನೇ. ಚಿತ್ರ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಹಣೆ ಅವರದ್ದೇ. ಮೂಗೂ ಅವರದ್ದೇ. ಆದರೆ ಇವರು ಯಾರು ಮಾರಾಯ?" ಎಂದಳು. ಬೈದದ್ದಲ್ಲ, ನಿಜವಾಗಿ ಕೇಳಿದ್ದು. ಚಿತ್ರ ಅಟ್ಟ ಸೇರಿತು. ಗೋಡೆಯ ಮೇಲೆ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಮಸುಕು ಫೋಟೋ ಬಂತು. ಅದರಲ್ಲಿ ಅಪ್ಪ ಹುಬ್ಬು ಗಂಟಿಕ್ಕಿಕೊಂಡಿದ್ದಾರೆ. ಅಮ್ಮ ದಿನವೂ ಅದಕ್ಕೆ ಹೂವಿಡುತ್ತಾಳೆ. ತಮ್ಮ ಆ ಬಗ್ಗೆ ಒಂದು ಮಾತನ್ನೂ ಆಡಿದವನಲ್ಲ. ನಾನೂ ಕೇಳಿದವಳಲ್ಲ.

ಗೆಳೆಯ ಹೊರಡುವ ಹಿಂದಿನ ದಿನ ಗೊಂಬೆಯ ಪೆಟ್ಟಿಗೆಗೆ ರಟ್ಟು ಬೇಕೆಂದು ತಮ್ಮ ಅಟ್ಟ ಹತ್ತಿದ. ಇಳಿಯುವಾಗ ಕೈಯಲ್ಲಿ ಅಪ್ಪನ ಚಿತ್ರವಿತ್ತು. ನಮ್ಮೂರ ಮಳೆಗಾಲ ಗಾಜಿನೊಳಗೂ ನುಗ್ಗುತ್ತದೆ. ಕೆಳಗಿನ ಅರ್ಧಕ್ಕೆ ಬಿಳಿಯ ಬೂಷ್ಟು ಹಿಡಿದು ಬಾಯಿ, ಗದ್ದ ಏನೂ ಕಾಣುತ್ತಿರಲಿಲ್ಲ. ಮೇಲೆ ಹಣೆ ಮತ್ತು ಕಣ್ಣು ಮಾತ್ರ. ಅವನು ಟವೆಲಿನ ತುದಿಯಿಂದ ಒರೆಸಲು ಹೋದಾಗ ಒಳಗಿಂದ ಕಷಾಯದ ಲೋಟ ಹಿಡಿದು ಬಂದ ಅಮ್ಮ ಅಲ್ಲಿಯೇ ನಿಂತಳು.

"ತಡಿ ತಡಿ, ಒರೆಸಬೇಡ" ಎಂದಳು. "ಈಗ ಸ್ವಲ್ಪ ಹೋಲ್ತಾರೆ."